ಬಸ್ಸಿನ ಮೆಟ್ಟಿಲಿನಿಂದ ಮಾಡಿದ ಎರಡು ಕಿವಿಗಳು

ಬೆಳಗಾವಿ, ಫೆಬ್ರವರಿ ೩೦, ೨೧೮೭
ಮಧ್ಯಾಹ್ನ

ಹಿರಿಯರಾದ ಸುನಂದಾ ಹುಕ್ಕೇರಿ ಅವರಿಗೆ ಇಳಾ ಹುಕ್ಕೇರಿಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಇವಳ ತಲೆ ನೆಟ್ಟಗಿಲ್ಲ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ; ಮಿಕ್ಕ ದಿನಗಳನ್ನೆಲ್ಲ ವರ್ಷದ ಕೊನೆಗೆ ಗುಡ್ಡೆಹಾಕಿ ರಜೆ ಕೊಡುತ್ತಾರೆ. ನಾನು ಬಳಸುವ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನಿಸಬಹುದು, ಮನ್ನಿಸಿ. ನಿಮ್ಮನ್ನು ಏನೆಂದು ಕರೆಯಬೇಕೋ ಅದೂ ತಿಳಿಯದು. ನೀವು ನನ್ನ ಅಜ್ಜನ ಅಜ್ಜನಿಗೂ ಹಿಂದಿನವರು. ಆದರೆ ಈಗ ನಮ್ಮ ಮನೆಯಲ್ಲಿರುವ ನಿಮ್ಮ ಕಾರನ್ನು ಕೊಂಡಾಗ ನಿಮಗಿನ್ನೂ ನನ್ನಷ್ಟೇ ವಯಸ್ಸಂತೆ, ಅಜ್ಜಿ ಎಂದರೆ ನೀವು ಮುಖ ಸಿಂಡರಿಸುತ್ತೀರಿ. ನಮ್ಮಲ್ಲಿ ಒಂದು ಪದ್ಧತಿಯಿದೆ. ಹಳೆಯ ವಸ್ತುವೊಂದನ್ನು ಸ್ವಂತ ಕೈಯಿಂದ ತಿದ್ದಿದವರು ಅದರ ಮೊದಲ ಒಡೆಯರಿಗೆ ಪತ್ರ ಬರೆದು, ಆ ವಸ್ತುವಿನೊಳಗೇ ಇಡಬೇಕು. ಇದಕ್ಕೆ ಹಿನ್ನೋಲೆ ಎನ್ನುತ್ತೇವೆ. ಅದು ತಲುಪುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಬರೆಯದಿದ್ದರೆ ಮನಸ್ಸಿಗೆ ಸಮಾಧಾನವಿರುವುದಿಲ್ಲ. ನಾನಂತೂ ಇವತ್ತು ಬರೆಯದಿದ್ದರೆ ಉಗುರು ಕಚ್ಚಿ ಕಚ್ಚಿ ಬೆರಳನ್ನೇ ಮುಗಿಸಿಬಿಡುತ್ತೇನೆ.

ನಿಮ್ಮ ಕಾರು ಇನ್ನೂ ಇದೆ. ಪೂರಾ ನಿಮ್ಮದೇ ಎಂದು ಹೇಳಲಾರೆ. ಎಂಜಿನ್ನು ಎಷ್ಟೋ ಸಲ ಬದಲಾಗಿದೆ, ಈಗ ಅದು ಓಡುವುದು ಪಾಚಿಯಿಂದ ತೆಗೆದ ಎಣ್ಣೆಯಲ್ಲಿ. ಎಡಗಡೆಯ ಮುಂದಿನ ಬಾಗಿಲು ಮತ್ತು ಸ್ಟೀರಿಂಗ್ ಮಾತ್ರ ನಿಮ್ಮ ಕಾಲದವು. ಸ್ಟೀರಿಂಗಿನ ಹಿಂದೆ, ಬೆರಳಿಗೆ ಸಿಗುವಂತೆ, ಗೇರು ಏರಿಸಲು ಇಳಿಸಲು ಎರಡು ಪುಟ್ಟ ಪ್ಯಾಡಲ್‌ಗಳಿವೆಯಲ್ಲ, ಅವಕ್ಕೆ ನಮ್ಮ ಮನೆಯಲ್ಲಿ ಕಿವಿ ಎನ್ನುತ್ತೇವೆ. ಬಲಗಿವಿ ಎಳೆದರೆ ಗೇರು ಏರುತ್ತದೆ, ಎಡಗಿವಿ ಎಳೆದರೆ ಇಳಿಯುತ್ತದೆ. ನಿಮ್ಮ ಕಾಲದವರು ಇದನ್ನು ಆಸೆಪಟ್ಟು ಕೊಂಡು, ಆಮೇಲೆ ಅದು ಇದೆ ಎಂಬುದನ್ನೇ ಮರೆಯುತ್ತಿದ್ದರೆಂದು ಕೇಳಿದ್ದೇನೆ. ನಮ್ಮಪ್ಪ ಬಸವಂತನಿಗೆ ಮಾತ್ರ ಈ ಎರಡು ಕಿವಿಗಳೇ ಜೀವ.

ಯಾಕೆಂದರೆ ನಮ್ಮ ಕಾಲದಲ್ಲಿ ಕೈಗೆ ಕೆಲಸವಿಲ್ಲ. ಊರ ತುಂಬ ತಾನೋಡಿಗಳು. ಅವು ತಾವೇ ಬಂದು ನಿಲ್ಲುತ್ತವೆ, ತಾವೇ ಹೊರಡುತ್ತವೆ, ಒಳಗೆ ಕೂತವರು ಕಿಟಕಿಯಾಚೆ ನೋಡುತ್ತ ಆಕಳಿಸುತ್ತಾರೆ. ಮನೆಯಲ್ಲಿ ಏನು ಬೇಕಾದರೂ ಅಚ್ಚುಗೂಡಿಗೆ ಹೇಳಬೇಕು. ಅದು ಪುಡಿಯನ್ನು ಕರಗಿಸಿ ಲೋಟ, ಬಾಚಣಿಗೆ, ಚಪ್ಪಲಿ, ಎಲ್ಲವನ್ನೂ ಎರೆದುಕೊಡುವ ಪೆಟ್ಟಿಗೆ. ಎಲ್ಲರಿಗೂ ಇದು ಸುಖ. ನಮ್ಮ ಮನೆತನದವರಿಗೆ ಮಾತ್ರ ಒಂದು ಕಡೆ ಕೂತರೆ ಮೈಯೆಲ್ಲ ಇರುವೆ ಹರಿದಂತಾಗುತ್ತದೆ. ಅಪ್ಪ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ತಾನೋಡಿಯಲ್ಲಿ ಕೂಡಿಸಿದರೆ ಗಳಿಗೆಗೊಮ್ಮೆ ಇಳಿಸು ಎನ್ನುತ್ತಾನೆ, ವಾಂತಿ ಮಾಡಿಕೊಳ್ಳುತ್ತಾನೆ. ನಿಮ್ಮ ಕಾರಿನಲ್ಲಿ ಕೂತನೋ, ಅದೇ ಮನುಷ್ಯ ಹಾಡು ಗುನುಗುತ್ತಾನೆ.

ಹೋದ ಮಳೆಗಾಲದಲ್ಲಿ ಅಪ್ಪನಿಗೆ ಜ್ವರ ಬಂದು ಹೋಯಿತು. ಹೋಗುವಾಗ ಬೆರಳುಗಳ ಸ್ಪರ್ಶವನ್ನೂ ಒಯ್ದಿತು. ನಾವು ಇದನ್ನು ಬೆರಳುಮಂಪರು ಎನ್ನುತ್ತೇವೆ. ಹಿಡಿದದ್ದು ಕಟ್ಟಿಗೆಯೋ ಬಟ್ಟೆಯೋ ಅಪ್ಪನಿಗೆ ತಿಳಿಯುವುದಿಲ್ಲ. ತಣ್ಣಗಿದ್ದದ್ದು ಮಾತ್ರ ತಿಳಿಯುತ್ತದೆ. ನಿಮ್ಮ ಕಾರಿನ ಪ್ಲಾಸ್ಟಿಕ್ ಕಿವಿ ಎಲ್ಲಿದೆಯೆಂದೇ ಗೊತ್ತಾಗದೆ ಬರೀ ಗಾಳಿಯನ್ನು ಎಳೆಯತೊಡಗಿದ. ಅದರ ಬೆನ್ನಿಗೇ ಕೈಪರೀಕ್ಷೆಯ ಕರೆ ಬಂತು. ಕೈಯಿಂದ ಕಾರು ಓಡಿಸುವ ಕೆಲವೇ ಜನರಿಗೆ ಆಗಾಗ ಈ ಪರೀಕ್ಷೆ ಇರುತ್ತದೆ. ಒಬ್ಬನೇ ಜಾಂಬೋಟಿಯ ತಿರುವುಗಳವರೆಗೆ ಹೋಗಿ, ಇಳಿಜಾರುಗಳಲ್ಲಿ ಕಿವಿ ಎಳೆದೇ ಗೇರು ಇಳಿಸುತ್ತ, ಮನೆಬಾಗಿಲಿಗೆ ವಾಪಸು ಬರಬೇಕು. ಎಲ್ಲಾದರೂ ಕೈ ತಪ್ಪಿದರೆ ಮೇಲ್ಗೈ ಕಾರನ್ನು ವಶಕ್ಕೆ ತೆಗೆದುಕೊಳ್ಳುತ್ತದೆ. ಮೇಲ್ಗೈ ಎಂದರೆ ದೂರದಿಂದ ಎಲ್ಲ ವಾಹನಗಳನ್ನೂ ನಡೆಸುವ ಯಂತ್ರಬುದ್ಧಿ. ಅದು ಅಪ್ಪನನ್ನು ಜೋಪಾನವಾಗಿ ಮನೆಗೆ ತಂದು ಬಿಡುತ್ತದೆ, ಮರುದಿನ ಜನ ಬಂದು ಸ್ಟೀರಿಂಗ್ ಬಿಚ್ಚಿಕೊಂಡು ಹೋಗುತ್ತಾರೆ. ಅದು ಹೋದರೆ ಅಪ್ಪ ಉಳಿಯುತ್ತಾನೆಂದು ನನಗೆ ಅನಿಸುವುದಿಲ್ಲ. ಹೀಗೆ ಹೇಳಲು ಭಯವಾಗುತ್ತದೆ, ಆದರೂ ಹೇಳುತ್ತೇನೆ.

ಹಾಗಾಗಿ ಲೋಹದ ಕಿವಿ ಮಾಡಲು ಹೊರಟೆ. ಅಚ್ಚುಗೂಡು ಎರೆಯುವ ವಸ್ತುವೆಲ್ಲ ಉಗುರುಬೆಚ್ಚಗೆ, ಅಪ್ಪನ ಬೆರಳಿಗೆ ಅದು ಇದ್ದೂ ಇಲ್ಲದಂತೆ. ಲೋಹ ತಣ್ಣಗಿರುತ್ತದೆ. ಆದರೆ ಲೋಹ ಎಲ್ಲಿಂದ ತರುವುದು? ಅಪ್ಪನ ತಂಗಿ ಗೌರವ್ವ ಅತ್ತೆಯ ಹಿತ್ತಿಲಲ್ಲಿ ಹಳೆಯ ಬಸ್ಸೊಂದರ ಮೆಟ್ಟಿಲಿನ ಅಲ್ಯೂಮಿನಿಯಂ ತಗಡು ಬಿದ್ದಿತ್ತು. ಅದರ ಒಂದು ಮುಖ ನುಣುಪು, ಇನ್ನೊಂದು ಮುಖದಲ್ಲಿ ಕಾಲು ಜಾರದಿರಲೆಂದು ಉಬ್ಬುಗೀರುಗಳು. ಗೀರಿನ ಮುಖ ಬೆರಳಿನ ಕಡೆಗೆ ಬಂದರೆ ಹಿಡಿತವೂ ಸಿಗುತ್ತದೆ ಎಂದು ಲೆಕ್ಕ ಹಾಕಿದೆ. ಅತ್ತೆ ಆ ತಗಡಿನ ಮೇಲೆ ಹಪ್ಪಳ ಒಣಗಿಸುತ್ತಿದ್ದಳು.

"ಒಯ್ಯವ್ವಾ ಒಯ್ಯಿ. ನಿಮ್ಮಪ್ಪ ಮನ್ಯಾಗ ಕುಂತು ನನ್ನ ತಲಿ ತಿನ್ನೋದಕ್ಕಿಂತ ಹಪ್ಪಳ ಹಾಳಾದ್ರ ಚಲೋ" ಅಂದಳು.

ಎಡಗಿವಿಯನ್ನು ಕಾಗದದ ಮೇಲೆ ಇಟ್ಟು ಸುತ್ತ ಗೆರೆ ಎಳೆದು, ಕೆಳತುದಿಯನ್ನು ಅಪ್ಪನ ಬೆರಳಿಗೆ ತಕ್ಕಂತೆ ಉದ್ದ ಮಾಡಿದೆ. ತೀರಾ ಉದ್ದವಾದರೆ ಇಂಡಿಕೇಟರಿನ ಕಡ್ಡಿಗೆ ಬಡಿಯುತ್ತದೆ, ಅದನ್ನು ನೋಡಿಕೊಂಡೆ. ಗರಗಸ ಹಿಡಿದ ಮೊದಲ ದಿನವೇ ಅಂಗೈಯಲ್ಲಿ ಬೊಕ್ಕೆ ಎದ್ದಿತು, ಸಂತೋಷವಾಯಿತು. ಅಲ್ಯೂಮಿನಿಯಂ ಮೆತ್ತಗಿನ ಲೋಹ. ಅರ ಹಾಕಿ ಉಜ್ಜಿದರೆ ಅದರ ಚೂರು ಅರದ ಹಲ್ಲಿನಲ್ಲೇ ಸಿಕ್ಕಿಕೊಳ್ಳುತ್ತದೆ. ಅರಕ್ಕೆ ಸೀಮೆಸುಣ್ಣ ಸವರಿದರೆ ಸರಾಗ. ಇದನ್ನು ಕಂಡುಕೊಂಡಾಗ ನಾನು ಅಂಗಳದಲ್ಲಿ ಕುಣಿದೆ. ಎಡಗಿವಿ ಮುಗಿಯಿತು. ಅದೇ ಕಾಗದ, ಅದೇ ಗೀರಿನ ಮುಖ ಮೇಲೆ, ಅದೇ ಗೆರೆ, ಇನ್ನೊಂದನ್ನೂ ಕೊಯ್ದೆ. ಅಂಚು ಸವರಿದೆ, ಹೊಳಪು ಕೊಟ್ಟೆ. ಎರಡನ್ನೂ ಅಂಗೈಯಲ್ಲಿ ಅಕ್ಕಪಕ್ಕ ಇಟ್ಟು ನೋಡಿದೆ. ಎರಡೂ ಎಡಗಿವಿಗಳೇ!

ನೀವು ನಗುತ್ತೀರಿ. ನಿಮ್ಮ ಕಾಲದ ಗ್ಯಾರೇಜಿನವರು ಯಾರೂ ಇಂಥ ತಪ್ಪು ಮಾಡುತ್ತಿರಲಿಲ್ಲ. ನಮಗಾದರೋ ಅಚ್ಚುಗೂಡಿನಿಂದ ಬಂದ ರೂಢಿ. ಒಂದು ಚಪ್ಪಲಿ ತೋರಿಸಿ 'ಇದರ ಜೋಡಿ' ಎಂದರೆ ಅದು ತಾನೇ ತಿರುವಿ ಬಲಗಾಲಿನದನ್ನು ಕೊಡುತ್ತದೆ. ಎಡ ಬಲ ಯೋಚಿಸುವ ಕೆಲಸವನ್ನು ನಾವು ಹುಟ್ಟಿನಿಂದ ಆ ಪೆಟ್ಟಿಗೆಗೆ ಬಿಟ್ಟಿದ್ದೇವೆ. ಲೋಹ ಯಾರ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ, ಹೇಗೆ ಕೊಯ್ದರೆ ಹಾಗೆಯೇ ಬೀಳುತ್ತದೆ. ಎರಡನೆಯದನ್ನು ಮಗುಚಿ ಹಾಕಿದರೆ ಆಕಾರ ಸರಿಹೋಗುತ್ತದೆ, ಆದರೆ ಗೀರು ಅಪ್ಪನ ಮುಖ ನೋಡುತ್ತದೆ, ನುಣುಪು ಬೆರಳಿಗೆ ಬರುತ್ತದೆ. ತಗಡಿನಲ್ಲಿ ಮತ್ತೊಂದಕ್ಕೆ ಆಗುವಷ್ಟು ಉಳಿದಿರಲಿಲ್ಲ, ಪರೀಕ್ಷೆ ಇವತ್ತೇ. ನುಣುಪಿನ ಮೇಲೆ ಮೊಳೆಯಿಂದ ಗೀಚಿ ನೋಡಿದೆ, ಉಪಯೋಗವಾಗಲಿಲ್ಲ. ಅಳುಮುಖ ಹೊತ್ತು ಎರಡನ್ನೂ ಹಳೆಯ ಕಿವಿಗಳ ಮೇಲೆ ಕೂಡಿಸಿ ಸ್ಕ್ರೂ ಬಿಗಿದೆ.

ಅಪ್ಪ ಕೂತು ಎರಡನ್ನೂ ಎಳೆದು ನೋಡಿದ. ಎಡಗಡೆ ಮುಟ್ಟಿದ ಕೂಡಲೇ ಅವನ ಮುಖವೇ ಬದಲಾಯಿತು. "ಸಿಕ್ತು ನೋಡ!" ಅಂದ, ಇಷ್ಟು ದಿನ ಕಳೆದುಹೋಗಿದ್ದ ತನ್ನ ಕೈಯೇ ಸಿಕ್ಕಂತೆ. ಬಲಗಡೆಯದು ಜಾರಿತು, ಮತ್ತೆ ಜಾರಿತು. ಬೇಡಪ್ಪಾ, ಪರೀಕ್ಷೆಯನ್ನು ಮುಂದಿನ ತಿಂಗಳಿಗೆ ಹಾಕಿಸೋಣ ಎಂದು ಅಂಗಲಾಚಿದೆ.

"ಏರ್ಸೋ ಕಿವಿ ಜಾರಿದ್ರ ಜಾರ್ಲಿ ಬಿಡವಾ. ಗಾಡಿ ಒಂದೀಟು ಒದರತೈತಿ, ಅಷ್ಟ. ಇಳ್ಸೋದು ಕೈಯಾಗ ಇರಬೇಕು" ಅಂದವನೇ ಗಾಡಿ ಚಾಲೂ ಮಾಡಿದ. ಬಿಸಿಲಿಗೆ ಲೋಹ ಕಾದರೆ ಮತ್ತೆ ಮಂಪರೇ ಎಂದು ಅತ್ತೆ ಎರಡೂ ಕಿವಿಗೆ ಒದ್ದೆ ಬಟ್ಟೆ ಸುತ್ತಿಟ್ಟಿದ್ದಳು. ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು ಹೊರಟೇಹೋದ. ಆ ಬಟ್ಟೆ ಇನ್ನೂ ನನ್ನ ಹೆಗಲ ಮೇಲಿದೆ, ಒಣಗುತ್ತಿದೆ.

ಆಗಿನಿಂದ ನಾನು ಕೂತಿಲ್ಲ, ನಿಂತಿಲ್ಲ. ಒಂದು ಸಾಲು ಬರೆದು ಗೇಟಿನವರೆಗೆ ಹೋಗಿ ಬರುತ್ತೇನೆ. ಅತ್ತೆ ಹಪ್ಪಳಗಳನ್ನು ಮಗುಚಿದ್ದನ್ನೇ ಮಗುಚುತ್ತಿದ್ದಾಳೆ. ಕಾರಂತೂ ಬಂದೇ ಬರುತ್ತದೆ. ಅಪ್ಪನೇ ತರುತ್ತಾನೋ, ಮೇಲ್ಗೈ ತರುತ್ತದೋ, ಅದೊಂದೇ ಪ್ರಶ್ನೆ. ಸುನಂದಾ ಅವರೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನೀವು ಎಲ್ಲಿದ್ದರೂ ಸರಿ, ಇವತ್ತೊಂದು ದಿನ ಆ ಕಿವಿಗಳನ್ನು ಎಳೆದು ಕಾರು ಓಡಿಸಿ. ಬೇಕಾಗಿಲ್ಲದಿದ್ದರೂ ಓಡಿಸಿ. ನಿಮ್ಮ ಬೆರಳಿಗೆ ಅದು ತಿಳಿಯುತ್ತದೆ, ಅದೆಷ್ಟು ದೊಡ್ಡದೆಂದು ನಿಮಗೆ ಯಾರೂ ಹೇಳಿರುವುದಿಲ್ಲ.

ಓಣಿಯ ಕೆಳಗೆ ಸದ್ದು. ಕಾರು ಬರುತ್ತಿದೆ, ನುಣ್ಣಗೆ, ಒಂದೇ ಸಮನೆ. ಮೇಲ್ಗೈ ಓಡಿಸುವುದು ಹೀಗೆಯೇ. ಅತ್ತೆಯ ಕೈಯಲ್ಲಿನ ಹಪ್ಪಳ ಅಲ್ಲಿಯೇ ನಿಂತಿದೆ. ನನಗೆ ತಲೆ ಎತ್ತಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲ, ಇಲ್ಲ! ಓಣಿಯ ಏರು ಶುರುವಾಗುವ ಮೊದಲೇ ಗೇರು ಇಳಿಯಿತು, ಎಂಜಿನ್ನು ಹುಯಿಲಿಟ್ಟಿತು, ಮತ್ತೊಂದು ಇಳಿಯಿತು. ಯಾವ ಯಂತ್ರಬುದ್ಧಿಯೂ ಇಷ್ಟು ಅವಸರದಲ್ಲಿ, ಇಷ್ಟು ಒರಟಾಗಿ, ಒಂದರ ಮೇಲೊಂದು ಗೇರು ಎಳೆಯುವುದಿಲ್ಲ. ಪಕ್ಕದ ಮನೆಯವರು ಬೈಯುತ್ತ ಹೊರಗೆ ಬಂದಿದ್ದಾರೆ.

"ಬಂದಾ ನೋಡ, ಓಣಿ ಎಬ್ಬಿಸ್ಕೋತ ಬಂದಾ!" ಎಂದು ಅತ್ತೆ ಕೂಗುತ್ತಿದ್ದಾಳೆ, ಅಳುತ್ತಲೂ ಇದ್ದಾಳೆ.

ಪತ್ರ ಇಲ್ಲಿಗೇ ಬಿಡುತ್ತೇನೆ, ತಪ್ಪು ತಿಳಿಯಬೇಡಿ. ಓಡಿಹೋಗಿ ಗೇಟು ತೆಗೆಯಬೇಕು. ನಮ್ಮಪ್ಪ ಬ್ರೇಕು ಹಾಕುವುದು ಯಾವಾಗಲೂ ತಡ.

ನಿಮ್ಮ,
ಇಳಾ