ಒಂದೇ ಬದಿ ಸಾರಣೆಯಾದ ಗೋಡೆ

ಪ್ರಫುಲ್ಲಾ,

ನಿನ್ನ ಮಗಳು ನವ್ಯಾ, ಅಳಿಯ ಶೋಧನ್ ಸೇರಿ ನಿನ್ನೆ ನಮ್ಮಿಬ್ಬರ ನಡುವಿನ ಗೋಡೆ ಕೆಡವಿದರು. ನೀನು ತೀರಿಹೋದ ಮೇಲೆ ಹಳೆ ಮನೆಯನ್ನು ಅವರೇ ರಿಪೇರಿ ಮಾಡುತ್ತಿದ್ದಾರೆ. ಮೇಸ್ತ್ರಿ ಇಲ್ಲ, ಮೊಬೈಲ್ ನೋಡಿ ಕಲಿಯುವುದು, ವಿಟ್ಲ ಪೇಟೆಯಿಂದ ಸುತ್ತಿಗೆ, ಉಳಿ ತರುವುದು.

"ದೊಡ್ಡಮ್ಮ, ನಿಮ್ಮ ಬದಿಯಿಂದ ಸುರು ಮಾಡುವ?" ಎಂದು ನವ್ಯಾ ಕೇಳಿದಳು.

"ನನ್ನ ಸಾರಣೆ ನಿಮ್ಮ ಪೆಟ್ಟಿಗೆಲ್ಲ ಏಳುವುದಿಲ್ಲ," ಎಂದೆ. ಅಕ್ಕತಂಗಿ ನಾವು ಮನೆ ಪಾಲು ಮಾಡಿಕೊಂಡ ವರ್ಷ ನಾನೇ ಎದುರು ನಿಂತು ಸಿಮೆಂಟು ಹಾಕಿಸಿದ್ದಲ್ಲವೇ?

ಆಗ ಶೋಧನ್ ನಿನ್ನ ಕೋಣೆಯಿಂದ ಅವಳನ್ನು ಕೂಗಿದ. "ಈಚೆ ಬರೀ ಕೆಂಪುಕಲ್ಲು ಉಂಟು ಮಾರಾಯ್ತಿ, ಸಾರಣೆಯೇ ಇಲ್ಲ!"

ಹೋಗಿ ನೋಡಿದೆ. ಉಳಿದ ಮೂರು ಗೋಡೆಗಳೂ ನುಣ್ಣಗಿದ್ದವು. ಇದೊಂದನ್ನು ನೀನು ಇಪ್ಪತ್ತೆರಡು ವರ್ಷ ಹಾಗೇ ಬಿಟ್ಟಿದ್ದೆ.

"ಅಮ್ಮ ಮಾಡಿಸ್ಲಿಕ್ಕೆ ಬಿಡ್ಲಿಲ್ಲ. ಅಕ್ಕ ಹೇಗೂ ಒಂದು ದಿನ ಕೆಡವಿಸ್ತಾಳೆ, ಸಿಮೆಂಟು ಯಾಕೆ ದಂಡ ಅಂತಿದ್ರು," ಎಂದಳು ನವ್ಯಾ.



ಮಧ್ಯಾಹ್ನದೊಳಗೆ ನನ್ನ ಅಡುಗೆಮನೆಯಿಂದ ನಿನ್ನ ಮಂಚದವರೆಗೆ ದಾರಿಯಾಯಿತು. ನಡೆದು ನೋಡಿದೆ, ಹನ್ನೊಂದು ಹೆಜ್ಜೆ. ನೀನು ಹಾಸಿಗೆ ಹಿಡಿದಿದ್ದ ಆ ಮೂರು ತಿಂಗಳಲ್ಲಿ ನಾನು ಅಂಗಳ ಸುತ್ತಿ ಬಂದಿದ್ದರೂ ನಲವತ್ತು ಹೆಜ್ಜೆಯಾಗುತ್ತಿತ್ತು, ಅಷ್ಟೇ.