ಒಂದೂಮುಕ್ಕಾಲು ಕಿಲೋ ಟೆಂಟು

ಮೇ 3, 1992. ಭಾನುವಾರ

ಐದಕ್ಕೆ ಎದ್ದೆ. ಮಗ್ಗ ಓಡಿಸಲಿಲ್ಲ. ನೂಲು ತೂಗುವ ತಕ್ಕಡಿಯಲ್ಲಿ ಇನ್ನೊಂದು ಸಲ ತೂಗಿದೆ. ಟೆಂಟು ಒಂದೂಮುಕ್ಕಾಲು ಕಿಲೋ, ಅಲ್ಯುಮಿನಿಯಂ ಕಡ್ಡಿ ಸೇರಿ. ಬೆನ್ನಿಗೆ ಹಾಕುವ ಬ್ಯಾಗು ಒಂದು ಕಿಲೋ ನೂರು ಗ್ರಾಂ. ಹೊದಿಕೆ, ಬಟ್ಟೆ, ಸ್ಟೌ, ಪಾತ್ರೆ ಎಲ್ಲ ತುಂಬಿದ ಮೇಲೆ ಒಂಬತ್ತು ಕಿಲೋಗೆ ಸ್ವಲ್ಪ ಕಡಿಮೆ. ಹೋದ ವರ್ಷ ಅಣ್ಣನ ಮಗಳು ಧನುಶ್ರೀ ಕಾಲೇಜಿನಿಂದ ತಂದಿದ್ದ ಕ್ಯಾನ್ವಾಸ್ ಸಾಮಾನು ಹದಿನಾರು ಇತ್ತು. ಹುಡುಗಿಯೇ ನಲವತ್ಮೂರು ಕಿಲೋ. ಮಾಕಳಿದುರ್ಗ ಬೆಟ್ಟದ ಅರ್ಧದಲ್ಲಿ ಮೊಣಕಾಲು ಹಿಡಿದು ಕೂತುಬಿಟ್ಟಿದ್ದಳು.

ಈ ಸಲ ಹಿಮಾಲಯ. ಹೆಣ್ಣುಮಕ್ಕಳ ತಂಡ, ಹನ್ನೊಂದು ದಿನದ ನಡಿಗೆ, ಹದಿನಾಲ್ಕು ಸಾವಿರ ಅಡಿ. ಅವರವರ ಹೊರೆ ಅವರವರೇ ಹೊರಬೇಕು. ಜನವರಿಯಲ್ಲಿ ಬಂದು, "ಚಿಕ್ಕಪ್ಪ, ಊರಿಗೆಲ್ಲ ಸೀರೆ ನೇಯ್ತೀರ, ನಂಗೊಂದು ಹಗುರದ ಮನೆ ನೇಯ್ಕೊಡಿ" ಅಂದಿದ್ದಳು. ಅವತ್ತಿನಿಂದ ಎರಡನೇ ಮಗ್ಗದಲ್ಲಿ ನೈಲಾನ್ ಬಿಟ್ಟು ಬೇರೆ ಏರಿಸಿಲ್ಲ.

ಪ್ಯಾಸೆಂಜರ್ ಗಾಡಿಯಲ್ಲಿ ಮಾಕಳಿದುರ್ಗ ಸ್ಟೇಷನ್. ಅಲ್ಲಿಂದ ಹಳಿ ಪಕ್ಕ ನಡೆದು ಬೆಟ್ಟ. ಅವಳು ಮುಂದೆ, ನಾನು ಹಿಂದೆ. ಅರ್ಧ ದಾರಿ ಬಂದಾಗ ನನ್ನ ಉಸಿರೇ ಮೇಲಕ್ಕೆ. ಅವಳು ನಿಂತು, "ಚಿಕ್ಕಪ್ಪ, ಏನಾದ್ರೂ ಮನೇಲೇ ಮರೆತ್ವಾ? ಬೆನ್ನ ಮೇಲೆ ಏನೂ ಇಲ್ದಂಗಿದೆ" ಅಂದಳು. ಎಡಗಡೆ ಪಟ್ಟಿ ಮಾತ್ರ ಭುಜ ಕಚ್ಚುತ್ತದೆ. ಹತ್ತಿ ಇಟ್ಟು ಹೊಲಿಯಬೇಕು.

ಮೇಲೆ ದೇವಸ್ಥಾನದ ಪಕ್ಕ ಟೆಂಟು ಹಾಕಿದೆವು. ನಾಲ್ಕು ನಿಮಿಷ. ಬಂಡೆಯ ದೊಣೆಯಲ್ಲಿ ಉಳಿದಿದ್ದ ನೀರು ಮೊಗೆದು ಆರು ತಂಬಿಗೆ ಸುರಿದೆ. ಕೆಸುವಿನ ಎಲೆ ಮೇಲಿನ ಹಾಗೆ ಹನಿಹನಿಯಾಗಿ ಜಾರಿ ಹೋಯಿತು. ಒಳಗೆ ಕೈ ಸವರಿದೆ. ಒಣ.

ಸಂಜೆ ಅಣ್ಣ ಜಗುಲಿಯ ಮೇಲೆ ಕಾಯುತ್ತಿದ್ದರು. ಅವರಿಗೆ ಈ ಹಿಮಾಲಯವೇ ಬೇಡ. "ಲೇ ಮುನಿಕೃಷ್ಣ, ಅವಳ ಮಾತು ನಾನು ಕೇಳಲ್ಲ. ಅವಳು ಬೆಂಕೀನೂ ತಣ್ಣಗಿದೆ ಅಂತಾಳೆ. ನೀನು ಹೇಳು. ನೀನು ಹೂಂ ಅಂದ್ರೆ ಟಿಕೆಟ್, ಊಹೂಂ ಅಂದ್ರೆ ಇಲ್ಲ."

ಹೂಂ ಅಂದೆ.

ಮೇ 6. ಬುಧವಾರ

ಟಿಕೆಟ್ ಆಯಿತು. 28ಕ್ಕೆ ದೆಲ್ಲಿ ಗಾಡಿ. ಧನುಶ್ರೀ ನಮ್ಮ ಮನೆಗೆ ಬಂದು ತೋರಿಸಿದಳು. ಅವಳು ಹೋದ ಮೇಲೆ ನನ್ನ ಹೆಂಡತಿ ವರಲಕ್ಷ್ಮಮ್ಮ ನೂಲಿನ ಕಂಡಿಕೆ ಸುತ್ತುತ್ತಾ ಕೇಳಿದಳು, "ಮಳೇಲಿ ನೋಡಿದ್ರಾ?"

"ನೀರು ಸುರಿದು ನೋಡಿದ್ವಿ."

"ನಾನು ಕೇಳಿದ್ದು ಮಳೆ."

ಭಾನುವಾರ ಇನ್ನೊಂದು ಸಲ ಹತ್ತಬೇಕು. ಮೋಡ ಆಗುತ್ತಿದೆ.

ಮೇ 10. ಭಾನುವಾರ, ರಾತ್ರಿ ಊಟ ಆದ ಮೇಲೆ

ಧನುಶ್ರೀ ಜೊತೆ ಮತ್ತೆ ಬೆಟ್ಟ ಹತ್ತಿದ್ದೆ.

ಮೂರಕ್ಕೆ ಮಳೆ ಹಿಡಿಯಿತು. ದಪ್ಪ ಮಳೆ, ಜೊತೆಗೆ ಗಾಳಿ. ಅವಳು ಟೆಂಟಿನ ಒಳಗೆ, ನಾನು ದೇವಸ್ಥಾನದ ಸೂರಿನ ಕೆಳಗೆ. ಹತ್ತು ನಿಮಿಷ "ಸೂಪರ್ ಚಿಕ್ಕಪ್ಪ" ಅನ್ನುತ್ತಿದ್ದಳು. ಇಪ್ಪತ್ತು ನಿಮಿಷಕ್ಕೆ, "ಚಿಕ್ಕಪ್ಪ, ಒಳಗೆ ಸಿಪ್ಪೆ ಏಳ್ತಿದೆ" ಅಂದಳು. ಸಣ್ಣ ದನಿ.

ಓಡಿಹೋಗಿ ತಲೆ ತೂರಿಸಿದೆ. ನೀರು ತಡೆಯಲೆಂದು ಪೀಣ್ಯದ ಕಾರ್ಖಾನೆಯಲ್ಲಿ ಬಟ್ಟೆಯ ಒಳಮೈಗೆ ಬಳಿಸಿದ್ದ ಲೇಪ ಕಾದ ಹಾಲಿನ ಕೆನೆಯ ಹಾಗೆ ಉಬ್ಬಿ, ಹರಿದು ಜೋತಾಡುತ್ತಿತ್ತು. ಬೆರಳು ಮುಟ್ಟಿಸಿದರೆ ಅಂಗೈ ಅಗಲ ಕಿತ್ತು ಬಂತು. ಅಲ್ಲಿಂದ ನೀರು ಜಿನುಗಿತು. ಹೊದಿಕೆ ಒದ್ದೆ, ಅವಳ ಬೆನ್ನು ಒದ್ದೆ. ನಮ್ಮ ಬೆಟ್ಟ, ಮೇ ತಿಂಗಳು... ಹಲ್ಲು ಕಟಕಟ ಅನ್ನುತ್ತಿತ್ತು. ಅಲ್ಲಿ ಹಿಮ ಇರುತ್ತದೆ. ಒದ್ದೆ ಹೊದಿಕೆಯಲ್ಲಿ ಒಂದು ರಾತ್ರಿ ಕಳೆದರೆ ಬೆಳಿಗ್ಗೆ ಏಳುವುದಿಲ್ಲ ಅಂತ ಅವಳ ಟ್ರೈನಿಂಗಿನಲ್ಲೇ ಹೇಳಿಕೊಟ್ಟಿದ್ದಾರಂತೆ. ಅವಳೇ ಹಿಂದೆ ಹೇಳಿದ್ದು.

ಇಳಿಯುವಾಗ ನನ್ನ ತೋಳು ಹಿಡಿದಳು. "ಅಪ್ಪಂಗೆ ಹೇಳ್ಬೇಡಿ. ಪ್ಲಾಸ್ಟಿಕ್ ಶೀಟು ತಗೊಂಡು ಮೇಲೆ ಹೊದಿಸ್ಕೋತೀನಿ. ಈ ಚಾನ್ಸ್ ಹೋದ್ರೆ ಇನ್ನೊಂದ್ಸಲ ನನ್ನ ಸೆಲೆಕ್ಟ್ ಮಾಡಲ್ಲ. ಮುಂದಿನ ವರ್ಷ ಅನ್ನೋಷ್ಟರಲ್ಲಿ ಮದುವೆ ಮಾಡಿ ಕಳಿಸಿರ್ತಾರೆ. ಗೊತ್ತಲ್ವಾ ನಿಮಗೆ?"

ಗೊತ್ತು. ಹೂಂ ಅನ್ನಲಿಲ್ಲ. ಊಹೂಂ ಅನ್ನಲೂ ಇಲ್ಲ. ಗಾಡಿಯಲ್ಲಿ ಇಬ್ಬರೂ ಕಿಟಕಿ ನೋಡುತ್ತಾ ಬಂದೆವು.

ಮೇ 14. ಗುರುವಾರ

ನಾಲ್ಕು ದಿನ ಈ ಪುಸ್ತಕ ತೆಗೆಯಲಿಲ್ಲ. ತೆಗೆದರೆ ಬರೆಯಬೇಕಾಗುತ್ತದೆ.

ಏನು ತಪ್ಪಾಯಿತೋ ತಿಳಿಯುತ್ತಿಲ್ಲ. ನೂಲು ಸರಿ, ನೇಯ್ಗೆ ಸರಿ. ಭೂತಗನ್ನಡಿ ಇಟ್ಟು ಎಳೆ ಎಣಿಸಿದೆ. ಅದೂ ಸರಿ. ಪೀಣ್ಯದವರು ಲೇಪದಲ್ಲಿ ಮೋಸ ಮಾಡಿದರೋ ಅಂತ ಮನಸ್ಸಿನಲ್ಲೇ ಬೈದೆ.

ಮಧ್ಯಾಹ್ನ ಅಣ್ಣ ಮಗ್ಗದ ಮನೆಗೇ ಬಂದರು. ಯಾರ ಹತ್ತಿರವೋ ಕೇಳಿ ತಂದ ಮಂಕಿ ಕ್ಯಾಪು, ಉಣ್ಣೆ ಕಾಲುಚೀಲ. ಮಗ್ಗದ ಸದ್ದಿನಲ್ಲಿ ಕಿವಿ ಹತ್ತಿರ ಬಾಯಿ ತಂದು, "ಅವಳಮ್ಮ ನಿದ್ದೆ ಮಾಡ್ತಿಲ್ಲ ಕಣೋ. ಮುನಿಕೃಷ್ಣ ನೋಡಿದ್ದಾನೆ, ಸುಮ್ನೆ ಮಲ್ಕೋ ಅಂದೆ" ಅಂದರು.

ಲಾಳಿ ಸಿಕ್ಕಿಕೊಂಡಿತು ಅನ್ನುವ ಹಾಗೆ ನಟಿಸಿ ಬಗ್ಗಿದೆ. ಅವರು ಹೋಗುವವರೆಗೆ ತಲೆ ಎತ್ತಲಿಲ್ಲ.

ಮೇ 15. ಶುಕ್ರವಾರ

ಹೇಳಿಬಿಟ್ಟೆ.

ಬೆಳಿಗ್ಗೆ ಟೆಂಟು ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಅಣ್ಣ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದರು. ತೊಟ್ಟಿಯ ನೀರಲ್ಲಿ ಒಂದು ಮೂಲೆ ಅದ್ದಿ ಅವರ ಕೈಗೆ ಕೊಟ್ಟೆ. "ಉಜ್ಜಿ ನೋಡಿ" ಅಂದೆ. ಉಜ್ಜಿದರು. ಸಿಪ್ಪೆ ಬಂತು.

ಬೈಯುತ್ತಾರೆ ಅಂದುಕೊಂಡೆ. ಅವರು ಬಾಯಿ ಮುಕ್ಕಳಿಸಿ ಉಗಿದು, ಬಟ್ಟೆಯ ಅಂಚನ್ನು ನಾಲಿಗೆಗೆ ಮುಟ್ಟಿಸಿದರು. ಮೂವತ್ತು ವರ್ಷ ನೂಲಿಗೆ ಬಣ್ಣ ಹಾಕಿದವರು. ಅವರಿಗೆ ಕಣ್ಣಿಗಿಂತ ನಾಲಿಗೆ ಮುಂದೆ.

"ಗಂಜಿ" ಅಂದರು. "ಗಂಜಿ ತೊಳೆದೇ ಇಲ್ಲ ನೀನು."

ನೈಲಾನ್ ಎಳೆ ಮಗ್ಗದಲ್ಲಿ ಜುಂಗೆದ್ದು ಕಡಿಯುತ್ತದೆ ಅಂತ ಉದ್ದನೆಯ ಎಳೆಗಳಿಗೆಲ್ಲ ಗಂಜಿ ಕೊಟ್ಟಿದ್ದೆ, ಸೀರೆಗೆ ಕೊಡುವ ಹಾಗೆ. ಸೀರೆಗೆ ಅದು ಹಾಗೇ ಇರಬೇಕು. ಗರಿಗರಿ ಇದ್ದರೇ ಮಾಲು. ನೀರು ಸೋಕಿದರೆ ಅಂಗಡಿಯವರು ಮುಟ್ಟುವುದಿಲ್ಲ. ಪೀಣ್ಯದಲ್ಲಿ ಆ ಮನುಷ್ಯ ಕೇಳಿದ್ದ, "ಒಗೆದು ತಂದಿದ್ದೀರಾ?" ಅಂತ. ನಾನು ನಕ್ಕು, "ಹೊಸ ಬಟ್ಟೆ ಸ್ವಾಮಿ, ಯಾಕೆ ಒಗೀಲಿ?" ಅಂದಿದ್ದೆ. ಅವನಿಗೆ ವ್ಯಾಪಾರ ಗೊತ್ತಿಲ್ಲ ಅಂದುಕೊಂಡಿದ್ದೆ. ಲೇಪ ಕೂತದ್ದು ನೂಲಿನ ಮೇಲಲ್ಲ, ಗಂಜಿಯ ಮೇಲೆ. ಗಂಜಿ ನೆನೆಯಿತು, ಲೇಪ ಎದ್ದಿತು. ಮೋಸ ಮಾಡಿದ್ದು ನಾನೇ.

"ಬಣ್ಣಕ್ಕೆ ಮುಂಚೆ ಕುದಿಸಲ್ವಾ ನಾವು? ನಂಗ್ಯಾಕೆ ಮೊದ್ಲೇ ತೋರಿಸ್ಲಿಲ್ಲ?"

"ನೀವು ಬೇಡ ಅಂತಿದ್ರಲ್ಲ ಅಣ್ಣ."

"ಇದು ಗೊತ್ತಾಗಿದ್ದು ಯಾವಾಗ?"

"ಭಾನುವಾರ."

ಬೆರಳು ಮಡಿಸಿ ಎಣಿಸಿದರು. "ಐದು ದಿನ. ಐದು ದಿನ ಆ ಹೂಂ ಇಟ್ಕೊಂಡೇ ಓಡಾಡ್ದೆ. ನಿನ್ನೆ ನಾನು ಕಾಲುಚೀಲ ತೋರಿಸ್ದಾಗ್ಲೂ." ಟೆಂಟನ್ನು ಮಡಿಚಿ ನನ್ನ ಕೈಗೆ ಕೊಟ್ಟರು. "ಆಯ್ತು ಹೋಗು. ನಿನ್ನ ಹೂಂ ಮುಗೀತು."

ಧನುಶ್ರೀ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡಲಿಲ್ಲ.

ಮೇ 16. ಶನಿವಾರ

ಆರು ಗಂಟೆಗೆ ಅಣ್ಣನ ಹಿತ್ತಲಿಂದ ಹೊಗೆ. ಹೋಗಿ ನೋಡಿದೆ. ಹಳೆಯ ಬಣ್ಣದ ಕೊಳಗ ಒಲೆ ಮೇಲೆ ಏರಿದೆ. ಸೋಡಾ, ಸೋಪು. "ಉಳಿದಿರೋ ನೈಲಾನ್ ತಾನು ತಗೊಂಬಾ" ಅಂದರು. ಅಷ್ಟೇ ಮಾತು.

ಹನ್ನೆರಡು ಗಜ ಇತ್ತು. ಮೂರು ನೀರು ಕುದಿಸಿದರು. ಪ್ರತಿ ಸಲ ನಾಲಿಗೆ. ಎರಡು ಸಲ "ಇದೆ" ಅಂದರು. ಮೂರನೇ ಸಲ ಏನೂ ಅನ್ನದೆ ಹಿಂಡಿ ನೆರಳಿಗೆ ಹರವಿದರು.

ಅವಳನ್ನು ಕಳಿಸುತ್ತಾರೋ ಇಲ್ಲವೋ ಕೇಳುವ ಧೈರ್ಯ ಇಲ್ಲ. ಟಿಕೆಟ್ ಅವರ ಶರ್ಟಿನ ಜೇಬಿನಲ್ಲಿದೆ. ಧನುಶ್ರೀ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಮೇ 22. ಶುಕ್ರವಾರ

ಪೀಣ್ಯಕ್ಕೆ ಮೂರು ಸಲ ಹೋಗಿ ಬೇಡಿ, ನಿನ್ನೆ ಲೇಪ ಮಾಡಿಸಿ ತಂದೆ. ಈ ಸಲ ಅವನು ಕೇಳುವ ಮುಂಚೆಯೇ "ತೊಳೆದಿದೆ" ಅಂದೆ. ಇವತ್ತು ಇಡೀ ದಿನ ಹೊಲಿಗೆ. ವರಲಕ್ಷ್ಮಮ್ಮ ಹೊಲಿಗೆ ಸಾಲಿಗೆಲ್ಲ ಮೇಣ ತಿಕ್ಕಿದಳು. ತೂಕ ಇಪ್ಪತ್ತು ಗ್ರಾಂ ಇಳಿದಿದೆ. ಗಂಜಿಯ ತೂಕ.

ಮೇ 24. ಭಾನುವಾರ

ಅಣ್ಣ, ಧನುಶ್ರೀ, ನಾನು ಮೂವರೂ ಬೆಟ್ಟ ಹತ್ತಿದೆವು. ಆಕಾಶ ತೊಳೆದಿಟ್ಟ ತಟ್ಟೆ. ನಾಲ್ಕರ ತನಕ ಕಾದೆವು. ದೊಣೆಯ ನೀರು ಸುರಿದು ನೋಡೋಣ ಅಂದೆ. ಅಣ್ಣ, "ಅದೊಂದ್ಸಲ ನೋಡಿ ಆಗಿದೆಯಲ್ಲ" ಅಂದರು. ಇಳಿಯುವಾಗ ಅವರ ಮೊಣಕಾಲು ಮಡಿಸಲಾಗದಷ್ಟು ನೋವು. ಕೋಲು ಮುರಿದುಕೊಟ್ಟೆ.

ಇನ್ನು ನಾಲ್ಕು ದಿನ.

ಮೇ 26. ಮಂಗಳವಾರ, ಮಧ್ಯಾಹ್ನ 1:10

ಮತ್ತೆ ಬೆಟ್ಟದ ಮೇಲೆ. ಬೆಳಿಗ್ಗೆ ಘಾಟಿ ಕಡೆ ಮೋಡ ಕಂಡ ಕೂಡಲೇ ಅಣ್ಣ ಬ್ಯಾಗು ತಾವೇ ಬೆನ್ನಿಗೆ ಏರಿಸಿ ಹೊರಟರು. ಐವತ್ತೆಂಟು ವರ್ಷ, ಆ ಮೊಣಕಾಲು. ಧನುಶ್ರೀ ಕೈ ಚಾಚಿದರೆ ಕೊಡಲಿಲ್ಲ. "ಮಲಗೋಳು ನನ್ನ ಮಗಳು. ಮೊದಲು ನಾನು ಮಲಗ್ತೀನಿ. ಅವಳ ಹೊದಿಕೇಲೇ. ಕರೆಯೋತನಕ ಯಾರೂ ಬಾಗಿಲು ತೆಗೀಬಾರ್ದು."

ಒಣಗಿದ ಪಂಚೆ ಉಟ್ಟು ಒಳಗೆ ಹೋಗಿ ಜಿಪ್ ಎಳೆದುಕೊಂಡರು. ಒಂದು ಗಂಟೆ ಆಯಿತು. ಮಳೆ ಇಲ್ಲ.

2:05

ಬಂತು. ಒಂದೇ ಏಟಿಗೆ. ಗುಂಡಮಗೆರೆ ಕೆರೆ ಕಾಣದಷ್ಟು. ನಾವಿಬ್ಬರೂ ದೇವಸ್ಥಾನದ ಸೂರಿನ ಕೆಳಗೆ. ಪುಸ್ತಕ ಎದೆಗೆ ಒತ್ತಿಕೊಂಡು ಬರೆಯುತ್ತಿದ್ದೇನೆ.

2:25

ಹೋದ ಸಲ ಸಿಪ್ಪೆ ಎದ್ದ ಹೊತ್ತು ಇದು. ಧನುಶ್ರೀ ಕೈಗಡಿಯಾರ ನೋಡುತ್ತಿದ್ದಾಳೆ. ಹನ್ನೊಂದು ದಿನದ ಮೇಲೆ ಮೊದಲ ಮಾತು: "ಒಳಗೆ ಏನ್ ಮಾಡ್ತಿದ್ದಾರೆ?"

"ಗೊತ್ತಿಲ್ಲಮ್ಮ."

"ಕರೀರಿ ಒಂದ್ಸಲ."

ಕರೆದೆ. ಉತ್ತರ ಇಲ್ಲ. ಮಳೆಯ ಸದ್ದಿಗೆ ಕೇಳಿಸಿತೋ ಇಲ್ಲವೋ.

2:50

ಗಾಳಿ ಎದ್ದಿತು. ಗಾಳಿಯ ಕಡೆಯ ಗೂಟ ಕಿತ್ತು ಟೆಂಟು ಒಂದು ಮಗ್ಗುಲಿಗೆ ಬಗ್ಗಿತು. ಧನುಶ್ರೀ ನುಗ್ಗಿ ಹೋಗಿ ಹಗ್ಗ ಹಿಡಿದಳು, ನಾನು ಕಲ್ಲು ಹೇರಿದೆ. ಬಟ್ಟೆಗೆ ಕೈ ಒತ್ತಿದರೆ ಒಳಗಿನದು ಹೇಗೆ ತಿಳಿಯಬೇಕು? ಹೊರಗೆಲ್ಲ ನೀರೇ. ಅಣ್ಣ ಆಗಲೂ ಮಾತಾಡಲಿಲ್ಲ. ಒದ್ದೆಯಾಗಿ ನಡುಗುತ್ತಾ, ಹಟಕ್ಕೆ ಬಾಯಿ ಮುಚ್ಚಿಕೊಂಡಿದ್ದಾರೋ? ಅವರು ಹಾಗೇ. ಹೊರಗೆ ಬಂದು ಟಿಕೆಟ್ ಹರಿದು ಕೈಗೆ ಕೊಟ್ಟರೆ ನಾನು ಬೇಡ ಅನ್ನುವ ಹಾಗಿಲ್ಲ. ಆ ಬಾಯಿ ಕಳೆದುಕೊಂಡಿದ್ದೇನೆ.

3:30

ಮಳೆ ನಿಂತಿಲ್ಲ. ಎಂಬತ್ತೈದು ನಿಮಿಷ. ಧನುಶ್ರೀ ತಡೆಯಲಾರದೆ ನೆನೆಯುತ್ತಾ ಹೋಗಿ ಟೆಂಟಿನ ಪಕ್ಕ ಕೂತು ಕಿವಿ ಇಟ್ಟಳು. ಅಲ್ಲೇ ಇದ್ದಳು, ಅಲ್ಲಾಡದೆ. ನಾನೂ ಹೋದೆ.

ಗೊರಕೆ. ಎಳೆದು ಎಳೆದು, ತೃಪ್ತಿಯ ಗೊರಕೆ. ಮನೆಯಲ್ಲಿ ಹಬ್ಬದ ಊಟ ಆದ ಮೇಲೆ ಹೊಡೆಯುವಂಥದ್ದು.

ಮೆತ್ತಗೆ ಸೂರಿನ ಕೆಳಗೆ ವಾಪಸ್ ಬಂದೆವು. ಗಾಡಿ ಹೊತ್ತಾಗುತ್ತದೆ, ಎಬ್ಬಿಸೋಣ ಅಂದೆ. ತೋಳು ಹಿಡಿದು ಕೂರಿಸಿದಳು. "ಬೇಡ ಚಿಕ್ಕಪ್ಪ. ಇನ್ನೂ ಮಳೆ ಇದೆಯಲ್ಲ, ಪೂರ್ತಿ ನೋಡ್ಲಿ. ಆಮೇಲೆ ಮಾತು ಬದಲಾಯಿಸ್ಬಾರ್ದು." ಸರಿ, ಗಾಡಿ ತಪ್ಪಿದರೆ ತಪ್ಪಲಿ, ನಡೆದೇ ಹೋದರಾಯಿತು. ನಾನೂ ಒಂದು ಸಲ ಹಾಗೇ ಕಣ್ಣು ಮುಚ್ಚಿ—