ಊರ ಬೋರ್ಡಿನ ಸೊಟ್ಟ ನಾಲ್ಕು

ವರ್ನನ್,

ನೀನು ತೀರಿಕೊಂಡರೂ ಚಿಕಾಗೊ ರಸ್ತೆಯ ನಮ್ಮೂರ ಬೋರ್ಡಿನಲ್ಲಿ "ಸ್ಥಾಪನೆ 1891, ಜನಸಂಖ್ಯೆ 839" ಅಂತಲೇ ಇತ್ತು. ಒಂದು ಕಳೆಯಿರಿ ಅಂತ ಊರ ಸಭೆಯಲ್ಲಿ ಕೇಳಿದೆ. ಪಕ್ಕದ ಮನೆ ಡೆಲ್ಬರ್ಟ್ ಎದ್ದು, "ನನ್ನ ಮಗಳು ತುಂಬು ಬಸುರಿ. ಸ್ವಲ್ಪ ತಡೀರಿ, ಲೆಕ್ಕ ಸರಿಹೋಗುತ್ತೆ, ಬಣ್ಣ ಉಳಿಯುತ್ತೆ" ಅಂದ. ನಿನ್ನ ಹಿಮ ತೆಗೆಯೋ ಯಂತ್ರ ಎರವಲು ಒಯ್ದು ನುಂಗಿದವನು ನಿನ್ನ ಜಾಗಕ್ಕೂ ಕೈ ಹಾಕಿದ!

ನಿನ್ನೆ ಹುಟ್ಟಿದ್ದು ಅವಳಿ. ಈಗ 840.

ಬೋರ್ಡು ಬರೆಯುತ್ತಿದ್ದವನು ನೀನು. ಇವತ್ತು ನಾನೇ ಏಣಿ ಹತ್ತಿದೆ. ನಿನ್ನ ನಾಲ್ಕು ಯಾವಾಗಲೂ ಎಡಕ್ಕೆ ವಾಲುತ್ತಿತ್ತು, ನಾನು ಕೆಳಗಿಂದ ಕೂಗಾಡಿ ಅಳಿಸಿ ಬರೆಸುತ್ತಿದ್ದೆ.

ಬರೆದು ಮುಗಿಸಿದಾಗ ಕೆಳಗಿಂದ ಡೆಲ್ಬರ್ಟ್, "ಏನಮ್ಮಾ ಲೋರ್ನಾ, ಥೇಟ್ ನಿನ್ನ ಗಂಡನ ನಾಲ್ಕು! ಅಳಿಸಿ ಬರಿ" ಅಂದ.

"ಇರಲಿ ಬಿಡು, ಚೆನ್ನಾಗೇ ಇದೆ" ಅಂದೆ.